ಇಟಲಿಯ ಜಾನಪದ ಉಡುಪು ತೊಟ್ಟ ಹಳೇ ಗೊಂಬೆ ಯಾವ ಕಡೆಯದು ಅಂತ ಗುರುತಿಸುವುದು ಹೇಗೆ?

ಮುಖಕ್ಕಿಂತ ಮೊದಲು ಕಾಲು ನೋಡಿ. ಚರ್ಮದ ಮೆಟ್ಟು, ಅದರ ಪಟ್ಟಿಯನ್ನು ಮೊಣಕಾಲಿನವರೆಗೆ ಸುತ್ತಿ ಕಟ್ಟಿದ್ದರೆ ಅದು ಹೆಚ್ಚಾಗಿ ರೋಮ್‌ನ ಆಗ್ನೇಯಕ್ಕಿರುವ ಚೊಚಾರಿಯಾದ ಗೊಂಬೆ. ಆ ಮೆಟ್ಟಿನ ಹೆಸರು ಚೊಚೆ. ಆ ಸೀಮೆಗೆ ಹೆಸರು ಬಂದಿದ್ದೇ ಅದರಿಂದ. ತಲೆಯ ಮೇಲೆ ಬಿಳಿ ಬಟ್ಟೆಯ ಮಡಿಕೆಯೂ ಇದ್ದರೆ ಅನುಮಾನ ಇನ್ನೂ ಕಡಿಮೆ. ಇಟಲಿಯ ದ್ವೀಪ ಸಾರ್ಡೀನಿಯಾದ್ದಾದರೆ ನೆರಿಗೆಯ ಲಂಗ, ಕತ್ತಿನ ಹತ್ತಿರ ತಂತಿಕೆಲಸದ ಗುಂಡಿಗಳು. ಆದರೆ ಅಲ್ಲಿ ಊರೂರಿಗೂ ಉಡುಪು ಬೇರೆ, ಹಾಗಾಗಿ ಇಂಥದ್ದೇ ಊರು ಅನ್ನೋಕೆ ನಾನಂತೂ ಹಿಂಜರಿಯುತ್ತೇನೆ.

ಮೈ ಫೆಲ್ಟ್‌ನದ್ದಾ, ಅಂದರೆ ಉಣ್ಣೆಯನ್ನು ಒತ್ತಿ ಮಾಡಿದ ಬಟ್ಟೆಯದ್ದಾ? ಹಾಗಿದ್ದರೆ ಲೆಂಚಿ ಹೆಸರು ಕೇಳಿಬರುತ್ತದೆ. ಟುರಿನ್‌ನಲ್ಲಿ ಎಲೆನಾ ಸ್ಕವೀನಿ ತಮ್ಮ ಗಂಡ ಎನ್ರಿಕೊ ಜೊತೆ 1919ರಲ್ಲಿ ಶುರು ಮಾಡಿದ ಕಂಪನಿ ಇದು. ಫೆಲ್ಟನ್ನು ಅಚ್ಚಿನಲ್ಲಿ ಒತ್ತಿ ಮುಖದ ಆಕಾರ ಕೊಟ್ಟು, ಬಣ್ಣ ಕೈಯಲ್ಲೇ ಬಳಿಯುತ್ತಿದ್ದರು. ಓರೆನೋಟದ ಕಣ್ಣು ಇವುಗಳ ಗುರುತು. ಆದರೆ ಕಣ್ಣೊಂದನ್ನೇ ನಂಬಬೇಡಿ, ಇಟಲಿಯಲ್ಲೇ ಬೇರೆಯವರೂ ಇದೇ ಥರ ಮಾಡಿದ್ದಾರೆ. ಪಾದದಡಿಯ ಮುದ್ರೆ, ಬಟ್ಟೆಯ ಚೀಟಿ ಹುಡುಕಿ.

ಪ್ರವಾಸಿಗರಿಗೆಂದು ಮಾಡಿದ ಪುಟ್ಟ ಗೊಂಬೆಗಳಲ್ಲಿ ಉಡುಪು ಸುಮ್ನೆ ಅಂದಾಜಿನದ್ದು ಇರುತ್ತದೆ. ಅಂಟಿಸಿದ ಲೇಸ್ ಕಂಡರೆ ಅರ್ಥವಾಗುತ್ತೆ ಅಲ್ವಾ?

ಇನ್ನೊಂದು, ಫೆಲ್ಟ್ ಗೊಂಬೆಯನ್ನು ತೊಳೆಯಲೇಬೇಡಿ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಉಣ್ಣೆ ತಿನ್ನೋ ಹುಳದ ಮೇಲೂ ಒಂದು ಕಣ್ಣಿರಲಿ.