ಕೋರ್ ಜೊತೆಗೆ ಕ್ಯಾಶ್ ವೋಲ್ಟೇಜನ್ನೂ ಇಳಿಸಿ

ಎಂಟನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನಲ್ಲಿ ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶ ಬಳಸಿ ಕೋರ್ (ಲೆಕ್ಕ ಮಾಡುವ ಭಾಗ) ವೋಲ್ಟೇಜನ್ನು 80 ಮಿಲಿವೋಲ್ಟ್ ಇಳಿಸಿದರೂ ಬಿಸಿ ಏಕೆ ತಗ್ಗಲಿಲ್ಲ ಎಂದು ಕೇಳಿದ್ದೀರಿ. ಈ ಪ್ರೊಸೆಸರ್‌ಗಳಲ್ಲಿ ಕೋರ್ ಮತ್ತು ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಸ್ಮೃತಿ) ಎರಡಕ್ಕೂ ಒಂದೇ ವಿದ್ಯುತ್ ಪೂರೈಕೆಯಿದ್ದು, ಯಾವುದು ಹೆಚ್ಚು ಕೇಳುತ್ತದೆಯೋ ಅದೇ ವೋಲ್ಟೇಜ್ ಜಾರಿಯಾಗುವುದರಿಂದ, ಕ್ಯಾಶ್‌ನ ಆಫ್‌ಸೆಟ್ (ಮೂಲ ವೋಲ್ಟೇಜಿನಿಂದ ಮಾಡುವ ಏರಿಳಿತ) ಸೊನ್ನೆಯಲ್ಲೇ ಉಳಿದಿದ್ದರೆ ನಿಮ್ಮ ಬದಲಾವಣೆ ಫಲ ಕೊಡುವುದಿಲ್ಲ. ಎರಡನ್ನೂ 50 ಮಿಲಿವೋಲ್ಟ್ ಇಳಿಕೆಯಿಂದ ಆರಂಭಿಸಿ, ಹತ್ತು ಹತ್ತರಂತೆ ಒಟ್ಟಿಗೇ ಇಳಿಸುತ್ತ, ಪ್ರತಿ ಹಂತದಲ್ಲೂ ಭಾರಿ ಕೆಲಸ ಕೊಟ್ಟು ಪರೀಕ್ಷಿಸಿ. ವೋಲ್ಟೇಜ್ ತೀರಾ ಇಳಿದರೆ ಲ್ಯಾಪ್‌ಟಾಪ್ ಸುಮ್ಮನಿರುವಾಗಲೂ ಸ್ಥಗಿತಗೊಳ್ಳಬಹುದು ಎಂಬುದನ್ನು ದಯವಿಟ್ಟು ಮರೆಯಬೇಡಿ. ವಿದ್ಯುತ್ ಬಳಕೆಯ ಬಹುಪಾಲು ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಗುಣಲಬ್ಧಕ್ಕೆ) ಅನುಗುಣವಾಗಿರುವ ಕಾರಣ ಸಣ್ಣ ಇಳಿಕೆಯೂ ಉಪಯುಕ್ತವೇ. ಆಫ್‌ಸೆಟ್ ಬದಲಾಗದೇ ಹೋದರೆ, 2019ರಲ್ಲಿ ಬಯಲಾದ, ವೋಲ್ಟೇಜ್ ಬದಲಾವಣೆಯನ್ನೇ ದುರ್ಬಳಕೆ ಮಾಡುವ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷದ ನಂತರದ ಬಯೋಸ್ (ಕಂಪ್ಯೂಟರನ್ನು ಆರಂಭಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಅದಕ್ಕೆ ಬೀಗ ಹಾಕಿರುವ ಸಾಧ್ಯತೆ ಇದೆ. ಆಗ ಹಳೆಯ ಬಯೋಸ್‌ಗೆ ಮರಳುವುದಕ್ಕಿಂತ ಫ್ಯಾನ್ ಶುಚಿಗೊಳಿಸಿ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಶಾಖವನ್ನು ಹೊರಸಾಗಿಸುವ ಲೇಪ) ಬದಲಿಸುವುದೇ ಲೇಸು.