ಓದುಗರ ಪ್ರಶ್ನೆ, ನಮ್ಮ ಉತ್ತರ: ಕಮೋಡಿನಲ್ಲಿ ಕಲ್ಲುಗಟ್ಟಿದ ಕಲೆ

ಪ್ರಶ್ನೆ: ನಮ್ಮ ಮನಿಗೆ ಬೋರಿನ ನೀರ್ರಿ. ಕಮೋಡಿನಾಗ ನೀರು ನಿಲ್ಲೋ ಮಟ್ಟಕ್ಕ ಸುತ್ತಲೂ ಹಳದಿ ಪಟ್ಟಿ ಕುಂತೈತಿ. ಕ್ಲೀನರ್ ಹಾಕಿ ಹತ್ತು ನಿಮಿಷ ಬಿಟ್ಟು ಎಷ್ಟ ತಿಕ್ಕಿದ್ರೂ ಹೋಗವಲ್ದು. ಬ್ಲೀಚಿಂಗ್ ಪೌಡರ್ ಹಾಕಿದ್ರ ಬೆಳ್ಳಗಾಗ್ತೈತಿ, ಮತ್ತ ಹಳದಿ ತಿರಗ್ತೈತಿ. ಏನ್ ಮಾಡೂಣ್ರಿ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಅಲ್ಲಿ ಕೂತಿರುವುದು ಕೊಳೆಯಲ್ಲ, ಕಲ್ಲು. ನಿಮ್ಮ ಜಿಲ್ಲೆಯ ನೆಲದಡಿ ಸುಣ್ಣದಕಲ್ಲು ಬಹಳ. ಲೋಕಾಪುರದ ಕಡೆ ಸಿಮೆಂಟಿಗಾಗಿ ಅಗೆಯುವುದು ಅದನ್ನೇ. ಅಂಥ ನೆಲದ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಕರಗಿರುತ್ತದೆ. ನೀರು ನಿಲ್ಲುವ ಅಂಚು ಆರಿದಾಗೆಲ್ಲ ಸುಣ್ಣ ಅಲ್ಲೇ ಉಳಿದು, ಮೂತ್ರದ ಲವಣವೂ ಸೇರಿ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪೌಡರ್ ಅದರ ಬಣ್ಣ ತೆಗೆಯುತ್ತದೆ, ಕಲ್ಲನ್ನು ಮುಟ್ಟುವುದಿಲ್ಲ. ಕಲ್ಲು ಕರಗಲು ಆಮ್ಲ ಬೇಕು, ಸಾಕಷ್ಟು ಹೊತ್ತು ಬೇಕು. ತೋಳಿನ ಬಲದಿಂದ ಆಗುವ ಕೆಲಸ ಇದಲ್ಲ.

ರಾತ್ರಿ ಎಲ್ಲರೂ ಬಳಸಿಯಾದ ಮೇಲೆ ಸಿಸ್ಟರ್ನಿಗೆ, ಅಂದರೆ ಫ್ಲಶ್ ಟ್ಯಾಂಕಿಗೆ, ನೀರು ಬಿಡುವ ಚಿಕ್ಕ ನಲ್ಲಿಯನ್ನು (ಆ್ಯಂಗಲ್ ಕಾಕ್) ಬಂದ್ ಮಾಡಿ ಫ್ಲಶ್ ಒತ್ತಿ. ಬೌಲಿನಲ್ಲಿ ನಿಂತ ನೀರನ್ನು ಬ್ರಷ್ಷಿನಿಂದ ಒಳಕ್ಕೆ ತಳ್ಳಿ, ಉಳಿದದ್ದನ್ನು ಹಳೆ ಮಗ್ಗಿನಿಂದ ತೆಗೆಯಿರಿ. ಬಹಳ ಮಂದಿ ಇದನ್ನೇ ಬಿಡುತ್ತಾರೆ. ನೀರು ಇದ್ದರೆ ಹಾಕಿದ ಆಮ್ಲವೆಲ್ಲ ಅದರಲ್ಲಿ ಬೆರೆತು ತೆಳುವಾಗಿ, ಕಲೆಗೆ ಏನೂ ತಾಗುವುದಿಲ್ಲ. ನೀರು ತೆಗೆದಾಗ ಪೈಪಿನ ವಾಸನೆ ಮೇಲೆ ಬರುತ್ತದೆ, ಕಿಟಕಿ ತೆರೆದಿಡಿ.

ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು, ಸಿಗುತ್ತದೆ. 100 ಗ್ರಾಂ ಹರಳನ್ನು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ. ಕುದಿಯುವ ನೀರು ಬೇಡ, ಪಿಂಗಾಣಿ ಬಿರಿಯಬಹುದು. ಹಳೆ ಕಾಟನ್ ಬಟ್ಟೆಯ ಪಟ್ಟಿಗಳನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ ಅಂಟಿಸಿ, ಮಿಕ್ಕ ದ್ರಾವಣವನ್ನು ಅದರ ಮೇಲೆಯೇ ಸುರಿಯಿರಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣ ಕರಗುತ್ತಿದೆ ಎಂದರ್ಥ. ಆರರಿಂದ ಎಂಟು ತಾಸು ಬಿಡಿ, ಆದರೆ ಬಟ್ಟೆ ಒಣಗಬಾರದು. ಒಣಗಿದರೆ ಕ್ಯಾಲ್ಸಿಯಂ ಸಿಟ್ರೇಟಿನ ಬಿಳಿ ಪೊರೆ ಹೊಸದಾಗಿ ಕೂರುತ್ತದೆ. ಮಲಗುವ ಮುಂಚೆ ಇನ್ನೊಮ್ಮೆ ತೋಯಿಸಿ.

ಬೆಳಿಗ್ಗೆ ಕೈಗವಸು ಹಾಕಿಕೊಂಡು ಬಟ್ಟೆ ತೆಗೆಯಿರಿ. ಫ್ಲಶ್ ಮಾಡಿದರೆ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೈಲಾನ್ ಬ್ರಷ್ಷಿನಿಂದ ತಿಕ್ಕಿದರೆ ಮೆತ್ತಗಾದ ಸುಣ್ಣ ಮರಳಿನ ಹಾಗೆ ಉದುರುತ್ತದೆ. ದಪ್ಪ ಪದರಕ್ಕೆ ಎರಡು ಮೂರು ರಾತ್ರಿ ಹಿಡಿಯುತ್ತದೆ. ಅಷ್ಟಾದರೂ ಉಳಿದ ಗಂಟನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಸ್ಟೀಲ್ ಸ್ಕ್ರಬರ್, ಸ್ಕ್ರೂಡ್ರೈವರ್, ಸ್ಯಾಂಡ್ ಪೇಪರ್ ಯಾವುದೂ ಬೇಡ. ಮೇಲಿನ ಹೊಳಪು ಗೀರಿದರೆ ಮುಂದಿನ ಸುಣ್ಣ ಆ ಗೀರಿನಲ್ಲೇ ಬೇರು ಬಿಡುತ್ತದೆ.

ಬೌಲಿನ ಮೇಲಂಚಿನ ಕೆಳಗೆ ಫ್ಲಶ್ಶಿನ ನೀರು ಬರುವ ತೂತುಗಳನ್ನು ಚಿಕ್ಕ ಕನ್ನಡಿ ಹಿಡಿದು ನೋಡಿ. ಅವು ಸುಣ್ಣದಿಂದ ಮುಚ್ಚಿದ್ದರೆ ಫ್ಲಶ್ಶಿನ ನೀರು ಒಂದೇ ಬದಿಗೆ ಹರಿಯುತ್ತದೆ. ಅಲ್ಲಿಗೂ ಅದೇ ದ್ರಾವಣದ ಬಟ್ಟೆ ತುರುಕಿ, ಬೆಳಿಗ್ಗೆ ಹಳೆ ಟೂತ್‌ಬ್ರಷ್ ಆಡಿಸಿ. ಆಮೇಲೆ ವಾರಕ್ಕೊಮ್ಮೆ ರಾತ್ರಿ ಎರಡು ಚಮಚ ಹರಳು ಉದುರಿಸಿಟ್ಟರೆ ಪಟ್ಟಿ ಕಟ್ಟುವುದಕ್ಕೆ ಅವಕಾಶವೇ ಇರುವುದಿಲ್ಲ.

ಪ್ರಶ್ನೆ: ಕಲಿ ಪೂರಾ ತೆಗದೀವಿ. ಆದ್ರ ಹಿಂದಿನ ಬಾಜೂ ಒಂದೇ ಕಡೆ ಮ್ಯಾಲಿಂದ ಕೆಳಗ ಗೆರಿ ಮತ್ತ ಬಂದದ. ಯಾಕ?
— ಓದುಗರು, ವಿಜಯಪುರ

ಉತ್ತರ: ಸಿಸ್ಟರ್ನ್ ಸೋರುತ್ತಿದೆ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಹಗಲೂ ರಾತ್ರಿ ನೀರು ಇಳಿಯುವ ದಾರಿ ಅದು. ಬಟ್ಟೆಗೆ ಹಾಕುವ ನೀಲಿ ಕೆಲವು ಹನಿ ಸಿಸ್ಟರ್ನಿಗೆ ಬಿಟ್ಟು, ಅರ್ಧ ತಾಸು ಫ್ಲಶ್ ಮಾಡದೆ ಕಾಯಿರಿ. ಬೌಲಿನಲ್ಲಿ ನೀಲಿ ಕಂಡರೆ ಸೋರಿಕೆ ಖಾತ್ರಿ.

ಎಲ್ಲಿಂದ ಎಂಬುದಕ್ಕೆ, ಸಿಸ್ಟರ್ನ್ ತುಂಬಿದಾಗ ಆ್ಯಂಗಲ್ ಕಾಕ್ ಬಂದ್ ಮಾಡಿ ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಮಟ್ಟ ಇಳಿಯುತ್ತಲೇ ಹೋದರೆ ಫ್ಲಶ್ ವಾಲ್ವಿನ ಕೆಳಗಿನ ವಾಷರ್ ಕೆಟ್ಟಿದೆ. ಅದನ್ನು ಬಿಚ್ಚಿ ಸಿಟ್ರಿಕ್ ದ್ರಾವಣದಲ್ಲಿ ನೆನೆಸಿ ತೊಳೆಯಿರಿ. ಗಟ್ಟಿಯಾಗಿದ್ದರೆ ಅಥವಾ ಕಚ್ಚು ಬಿದ್ದಿದ್ದರೆ ಬದಲಿಸಿ. ಅಂಗಡಿಗೆ ಹಳೆಯದನ್ನೇ ಒಯ್ಯಿರಿ, ಅಳತೆ ಬೇರೆ ಬೇರೆ ಇರುತ್ತವೆ. ಮಟ್ಟ ಇಳಿಯದಿದ್ದರೆ ತಪ್ಪು ಫ್ಲೋಟಿನದು, ಅಂದರೆ ಸಿಸ್ಟರ್ನ್ ತುಂಬಿದಾಗ ನೀರು ನಿಲ್ಲಿಸುವ ತೇಲುಬುರುಡೆಯದು: ನೀರು ಓವರ್‌ಫ್ಲೋ ಪೈಪಿನ ಬಾಯಿಗಿಂತ ಒಂದು ಇಂಚು ಕೆಳಗೆ ನಿಲ್ಲುವಂತೆ ತಗ್ಗಿಸಿ.

ಪ್ರಶ್ನೆ: ನಮ್ಮದು ಬಾವಿ ನೀರು, ಕಲೆ ತುಕ್ಕಿನಂತೆ ಕೆಂಪು. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಬೆರೆಸಿ ಹಾಕಲು ಹೇಳುತ್ತಾರೆ. ಹಾಕಬಹುದೇ?
— ಓದುಗರು, ಖಾನಾಪುರ

ಉತ್ತರ: ಖಂಡಿತ ಬೇಡ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಒಂದನ್ನು ಹಾಕಿದ್ದರೆ ಚೆನ್ನಾಗಿ ಹಲವು ಸಲ ಫ್ಲಶ್ ಮಾಡಿ, ಇನ್ನೊಂದನ್ನು ಮರುದಿನ ಬಳಸಿ. ಗೊತ್ತಿಲ್ಲದೆ ಬೆರೆತು ಮೂಗಿಗೆ ಘಾಟು ಬಡಿದರೆ ತೊಳೆಯಲು ನಿಲ್ಲದೆ ಹೊರಗೆ ಬನ್ನಿ.

ನಿಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು, ಹಳೆ ಜಿಐ (ಸತು ಲೇಪಿತ ಕಬ್ಬಿಣದ) ಪೈಪಿನಿಂದಲೂ ತುಕ್ಕು ಬರುತ್ತದೆ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕರಗಿದ ಕಬ್ಬಿಣವನ್ನೂ ತುಕ್ಕಾಗಿಸಿ ಕಲೆ ಹೆಚ್ಚಿಸುತ್ತದೆ. ಇದಕ್ಕೆ ಆಕ್ಸಾಲಿಕ್ ಆಸಿಡ್ ಸರಿ: 30 ಗ್ರಾಂ ಪುಡಿ, ಅರ್ಧ ಲೀಟರ್ ಬೆಚ್ಚಗಿನ ನೀರು, ಅರ್ಧ ತಾಸು, ನಂತರ ಬ್ರಷ್, ಧಾರಾಳ ನೀರು. ಅದು ವಿಷ. ಕೈಗವಸು, ಕನ್ನಡಕ ಇರಲಿ. ಅಡುಗೆಯ ಪಾತ್ರೆಯಲ್ಲಿ ಕಲಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಸುಣ್ಣವೂ ಕಟ್ಟಿದ್ದರೆ ಮೊದಲು ಸಿಟ್ರಿಕ್‌ನಿಂದ ಸುಣ್ಣ ತೆಗೆಯಿರಿ. ಆಕ್ಸಾಲಿಕ್ ಸುಣ್ಣಕ್ಕೆ ತಾಗಿದರೆ ಕರಗದ ಬಿಳಿ ಪದರವಾಗುತ್ತದೆ.

ಪ್ರಶ್ನೆ: ಸೆಪ್ಟಿಕ್ ಟ್ಯಾಂಕ್ ಇದ್ದ ಮನೆಯಲ್ಲಿ ಟೈಲ್ಸ್ ತೊಳೆಯುವ ಗಾಢ ಆಸಿಡ್ ಹಾಕಿದರೆ ಏನಾಗುತ್ತದೆ?
— ಓದುಗರು, ಮುಧೋಳ

ಉತ್ತರ: ಪದೇ ಪದೇ ಹಾಕಿದರೆ ಟ್ಯಾಂಕಿನಲ್ಲಿ ಮಲ ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಸಿಮೆಂಟ್ ಸಂದು ಸವೆಯುತ್ತದೆ, ಹೊಗೆಯಿಂದ ನಲ್ಲಿಗಳ ಕ್ರೋಮ್ ಕಪ್ಪಾಗುತ್ತದೆ. ವಾರಕ್ಕೆ ಎರಡು ಚಮಚ ಸಿಟ್ರಿಕ್ ಟ್ಯಾಂಕಿಗೆ ಭಾರವಲ್ಲ. ಕೈಗವಸು ಹಾಕಿ ಒಣಗಿದ ಬೌಲನ್ನು ಸವರಿ ನೋಡಿ: ಸುಣ್ಣ ಪೂರ್ತಿ ಹೋದ ಮೇಲೂ ಒರಟಾಗಿ ತಾಗಿದರೆ ಹೊಳಪು ಸವೆದಿದೆ. ಅದನ್ನು ಯಾವ ದ್ರಾವಣವೂ ಮರಳಿ ತರದು, ಬೌಲನ್ನೇ ಬದಲಿಸಬೇಕು.