ಕೆಮಿಕಲ್ ಎಂಜಿನಿಯರಿಂಗ್ ಓದುವಾಗಲೇ ಕೈಗೆ ಹತ್ತಬೇಕಾದ ವಿದ್ಯೆ

ನೀವು ಕೇಳಿರುವುದು ಇಷ್ಟು: ಐದನೆಯ ಸೆಮಿಸ್ಟರಿನಲ್ಲಿದ್ದೀರಿ, ಜೊತೆಯವರಲ್ಲಿ ಅರ್ಧ ಮಂದಿ ಕೋಡಿಂಗ್ ಕಲಿಯಲು ಹೊರಟಿದ್ದಾರೆ, ಉಳಿದವರು ಗೇಟ್ ಪರೀಕ್ಷೆಗೆ ಓದುತ್ತಿದ್ದಾರೆ, ಕೆಮಿಕಲ್ ಎಂಜಿನಿಯರಿಂಗಿನಲ್ಲಿಯೇ ಮುಂದುವರಿಯಬೇಕೆಂದಿರುವ ನೀವು ಯಾವ ಕೌಶಲ ಬೆಳೆಸಿಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಕಲಿಯಬೇಕು. ಬಾಗಲಕೋಟೆ ಜಿಲ್ಲೆಯವರೆಂದೂ ಬರೆದಿದ್ದೀರಿ. ನಾನು ಮೊದಲು ಸಕ್ಕರೆ ಕಾರ್ಖಾನೆಯಲ್ಲಿ, ಆಮೇಲೆ ಔಷಧಗಳ ಮೂಲವಸ್ತು ತಯಾರಿಸುವ ಘಟಕದಲ್ಲಿ ಪ್ರೋಸೆಸ್ ಎಂಜಿನಿಯರ್ ಆಗಿ ದುಡಿದವನು. ಹೊಸಬರನ್ನು ಸಂದರ್ಶನ ಮಾಡುವ ಕೆಲಸವೂ ನನ್ನ ಪಾಲಿಗೆ ಬರುತ್ತಿರುತ್ತದೆ. ಅದರ ಆಧಾರದ ಮೇಲೆ ಹೇಳುತ್ತೇನೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು, ನಿಜವಾಗಿ ನಡೆಯುತ್ತಿರುವ ಒಂದು ಘಟಕದ ಮೆಟೀರಿಯಲ್ ಬ್ಯಾಲೆನ್ಸ್ ಮತ್ತು ಹೀಟ್ ಬ್ಯಾಲೆನ್ಸ್ ಅನ್ನು, ಅಂದರೆ ಒಳಗೆ ಹೋದ ವಸ್ತು, ಶಾಖ ಎಷ್ಟು, ಹೊರಬಂದದ್ದೆಷ್ಟು ಎಂಬ ಲೆಕ್ಕವನ್ನು, ಪೆನ್ನು, ಕಾಗದ, ಕ್ಯಾಲ್ಕುಲೇಟರ್ ಇಷ್ಟರಲ್ಲೇ ಮಾಡಿ ಮುಗಿಸುವ ಶಕ್ತಿ. ಇದು ನಿಮಗೆ ಪಾಠವಾಗಿರುವ ವಿಷಯವೇ ನಿಜ. ಆದರೆ ಪರೀಕ್ಷೆಯಲ್ಲಿ ಬೇಕಾದ ಅಂಕಿಗಳನ್ನೆಲ್ಲ ಪ್ರಶ್ನೆಯೊಳಗೇ ಕೊಟ್ಟಿರುತ್ತಾರೆ. ಕಾರ್ಖಾನೆಯಲ್ಲಿ ಒಂದು ಫ್ಲೋ ಮೀಟರ್ ಕೆಟ್ಟಿರುತ್ತದೆ, ಇನ್ನೊಂದನ್ನು ಯಾರೂ ನಂಬುವುದಿಲ್ಲ, ಮೂರನೆಯದನ್ನು ಹಾಕಿಯೇ ಇರುವುದಿಲ್ಲ. ಸಿಕ್ಕ ನಾಲ್ಕು ಅಂಕಿಗಳಿಂದ ಸಿಗದ ಐದನೆಯದನ್ನು ಹೊರಡಿಸುವುದೇ ಅಲ್ಲಿಯ ನಿತ್ಯದ ಕೆಲಸ.

ನಿಮ್ಮ ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳಿಗೆ ಕೊರತೆಯಿಲ್ಲವಾದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಶುದ್ಧೀಕರಿಸಿದ ಕಬ್ಬಿನ ರಸ 100 ಟನ್, 15 ಬ್ರಿಕ್ಸ್‌ನಲ್ಲಿ (ನೂರು ಭಾಗ ತೂಕದಲ್ಲಿ ಕರಗಿದ ಘನಪದಾರ್ಥ 15 ಭಾಗ) ನೀರನ್ನು ಆವಿಯಾಗಿಸುವ ಇವಾಪೊರೇಟರಿಗೆ ಬರುತ್ತದೆ, 60 ಬ್ರಿಕ್ಸ್‌ನ ಸಿರಪ್ ಆಗಿ ಹೊರಬೀಳುತ್ತದೆ ಎಂದುಕೊಳ್ಳಿ. ಕರಗಿರುವ ಘನಪದಾರ್ಥ 15 ಟನ್, ಅದು ಎಲ್ಲಿಯೂ ಹೋಗುವುದಿಲ್ಲ. ಹಾಗಾಗಿ ಸಿರಪ್ 25 ಟನ್, ಆವಿಯಾಗಿ ಹೋದ ನೀರು 75 ಟನ್. ನಾಲ್ಕು ಪಾತ್ರೆಗಳ ಸರಣಿಯಲ್ಲಿ ಮೊದಲನೆಯದರಿಂದ ಎದ್ದ ಆವಿಯೇ ಎರಡನೆಯದನ್ನು ಕಾಯಿಸುತ್ತದೆ, ಎರಡನೆಯದರದ್ದು ಮೂರನೆಯದನ್ನು. ಆದ್ದರಿಂದ ಒಂದು ಟನ್ ಸ್ಟೀಮ್ ಸುಮಾರು ನಾಲ್ಕು ಟನ್ ನೀರನ್ನು ಓಡಿಸಬಲ್ಲುದು, ವ್ಯವಹಾರದಲ್ಲಿ ಅದಕ್ಕಿಂತ ತುಸು ಕಡಿಮೆ. ಕೊನೆಯ ಪಾತ್ರೆಯನ್ನು ನಿರ್ವಾತದಲ್ಲಿ ಇಟ್ಟಿರುತ್ತಾರೆ, 0.15 ಬಾರ್ ಒತ್ತಡದಲ್ಲಿ ನೀರು 54 ಡಿಗ್ರಿಗೇ ಕುದಿಯುತ್ತದೆ, ದಟ್ಟವಾದ ಸಿರಪ್ ಹೆಚ್ಚು ಬಿಸಿಗೆ ಸಿಕ್ಕಿ ಬಣ್ಣಗೆಡುವುದು ತಪ್ಪುತ್ತದೆ.

ಇಲ್ಲಿಯವರೆಗಿನದು ಪುಸ್ತಕದಲ್ಲಿದೆ. ಈಗ, ಪಾತ್ರೆಗಳ ಕೊಳವೆಗಳೊಳಗೆ ಸ್ಕೇಲ್ (ಶಾಖ ದಾಟದಂತೆ ತಡೆಯುವ ಗಟ್ಟಿ ಪದರ) ಕಟ್ಟಿ ಸಿರಪ್ 60ರ ಬದಲು 55 ಬ್ರಿಕ್ಸ್‌ನಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಐದು ಬ್ರಿಕ್ಸ್ ಏನು ಮಹಾ ಎನ್ನಿಸಬಹುದು. 15 ಟನ್ ಘನಪದಾರ್ಥವನ್ನು 0.55ರಿಂದ ಭಾಗಿಸಿದರೆ ಸಿರಪ್ 27.3 ಟನ್ ಆಗುತ್ತದೆ. ಅಂದರೆ ಪ್ರತಿ 100 ಟನ್ ರಸಕ್ಕೆ 2.3 ಟನ್ ಹೆಚ್ಚುವರಿ ನೀರು, ಸಿರಪ್ಪನ್ನು ಕುದಿಸಿ ಸಕ್ಕರೆ ಹರಳುಗಟ್ಟಿಸುವ ಪಾತ್ರೆಯಾದ ಪ್ಯಾನ್‌ಗೆ ಹೋಗುತ್ತಿದೆ. ಪ್ಯಾನ್‌ನಲ್ಲಿ ಸರಣಿ ಇಲ್ಲ, ಒಂದು ಟನ್ ನೀರಿಗೆ ಹೆಚ್ಚುಕಡಿಮೆ ಒಂದು ಟನ್ ಸ್ಟೀಮ್ ಬೇಕು. ಇವಾಪೊರೇಟರಿನಲ್ಲಿ ಕಾಲು ಭಾಗದ ಖರ್ಚಿನಲ್ಲಿ ಆಗಬೇಕಿದ್ದ ಕೆಲಸವನ್ನು ಇಲ್ಲಿ ಪೂರ್ತಿ ಖರ್ಚಿನಲ್ಲಿ ಮಾಡಿದಂತಾಯಿತು. (ಪ್ಯಾನ್‌ಗೆ ಇವಾಪೊರೇಟರಿನ ಆವಿಯನ್ನೇ ತಿರುಗಿಸುವ ಕಾರ್ಖಾನೆಗಳಲ್ಲಿ ಈ ಲೆಕ್ಕ ಬದಲಾಗುತ್ತದೆ, ಎಷ್ಟು ಬದಲಾಗುತ್ತದೆ ಎಂಬುದನ್ನು ನೀವೇ ಮಾಡಿ ನೋಡಿ.) ಆ ಸ್ಟೀಮಿಗಾಗಿ ಬಾಯ್ಲರಿನಲ್ಲಿ ಹೆಚ್ಚು ಬಗಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಉರಿಯುತ್ತದೆ, ಗ್ರಿಡ್ಡಿಗೆ ವಿದ್ಯುತ್ ಮಾರುವ ಕಾರ್ಖಾನೆಯಾದರೆ ಆ ಆದಾಯಕ್ಕೆ ಪೆಟ್ಟು ಬೀಳುತ್ತದೆ. ಇವಾಪೊರೇಟರನ್ನು ಯಾವಾಗ ನಿಲ್ಲಿಸಿ ತೊಳೆಯಬೇಕೆಂಬ ತೀರ್ಮಾನ ಈ ಲೆಕ್ಕದ ಮೇಲೆ ನಿಂತಿರುತ್ತದೆ. ಸಂದರ್ಶನದಲ್ಲಿ ಇಂಥದೊಂದು ಲೆಕ್ಕವನ್ನು ತಾನಾಗಿ ಬಿಡಿಸಿ ತೋರಿಸುವ ಅಭ್ಯರ್ಥಿ ನನ್ನ ಮುಂದೆ ಕುಳಿತರೆ, ಅವರ ಸರ್ಟಿಫಿಕೇಟುಗಳ ಕಟ್ಟನ್ನು ನಾನು ತಿರುವಿ ನೋಡುವುದಿಲ್ಲ.

ಇದರ ಜೊತೆಗೆ ಕೆಲವು ಅಂಕಿಗಳು ನಾಲಿಗೆಯ ತುದಿಯಲ್ಲಿರಬೇಕು. ಹತ್ತು ಮೀಟರ್ ನೀರಿನ ಎತ್ತರವೆಂದರೆ ಸುಮಾರು ಒಂದು ಬಾರ್ ಒತ್ತಡ. ಒಂದು ಕಿಲೊ ಸ್ಟೀಮ್ ನೀರಾಗುವಾಗ ಬಿಡುವ ಶಾಖ ಸುಮಾರು 2200 ಕಿಲೊಜೂಲ್. ಇವಿಷ್ಟು ಗೊತ್ತಿದ್ದರೆ, ಗಂಟೆಗೆ ಒಂದು ಟನ್ ಸ್ಟೀಮನ್ನು ಇಳಿಸುವ ಕಂಡೆನ್ಸರಿನಲ್ಲಿ ತಣ್ಣೀರು 8 ಡಿಗ್ರಿ ಏರುತ್ತದೆಂದರೆ ಗಂಟೆಗೆ ಸುಮಾರು 66 ಟನ್ ನೀರು ಬೇಕೆಂದು ನಿಂತಲ್ಲೇ ಹೇಳಬಹುದು. ಯಾರಾದರೂ 6 ಟನ್ ಸಾಕು ಎಂದರೆ ಎಲ್ಲೋ ಸೊನ್ನೆ ತಪ್ಪಿದೆ ಎಂದು ಕೂಡಲೇ ಹೊಳೆಯಬೇಕು.

ಎರಡನೆಯದು ಪಿ ಆ್ಯಂಡ್ ಐ ಡಿ ಓದುವುದು. ಪೈಪುಗಳು, ವಾಲ್ವ್‌ಗಳು, ಉಪಕರಣಗಳೆಲ್ಲ ಇರುವ ಈ ನಕ್ಷೆಯನ್ನು ಕಾಲೇಜಿನಲ್ಲಿ ಒಂದೆರಡು ತರಗತಿಗಳಲ್ಲಿ ಮುಗಿಸಿಬಿಡುತ್ತಾರೆ. ಘಟಕದಲ್ಲಿ ಅದೇ ಸಂವಹನದ ಭಾಷೆ. ನಕ್ಷೆಯನ್ನು ಕೈಯಲ್ಲಿ ಹಿಡಿದು ಒಂದು ಲೈನನ್ನು ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಎಕ್ಸ್‌ಚೇಂಜರಿಗೆ ನಡೆದುಕೊಂಡೇ ಹಿಂಬಾಲಿಸಿ. ಪ್ರತಿ ಕಂಟ್ರೋಲ್ ವಾಲ್ವ್ ಎದುರು ನಿಂತು, ಏರ್ ಸಪ್ಲೈ ಹೋದರೆ ಇದು ತೆರೆದುಕೊಳ್ಳುತ್ತದೆಯೇ ಮುಚ್ಚಿಕೊಳ್ಳುತ್ತದೆಯೇ, ಹಾಗೇಕೆ ಇಟ್ಟಿದ್ದಾರೆ ಎಂದು ಕೇಳಿಕೊಳ್ಳಿ. ತಂಪಾಗಿಸುವ ನೀರಿನ ವಾಲ್ವ್ ಸಾಮಾನ್ಯವಾಗಿ ತೆರೆದುಕೊಳ್ಳುವಂತೆಯೂ ಸ್ಟೀಮಿನ ವಾಲ್ವ್ ಮುಚ್ಚಿಕೊಳ್ಳುವಂತೆಯೂ ಇರುತ್ತದೆ. ಕಾರಣ ನಿಮಗೆ ಹೊಳೆದರೆ ಸುರಕ್ಷತೆಯ ಪಾಠ ಅಲ್ಲಿಂದಲೇ ಶುರುವಾಯಿತು.

ಸುರಕ್ಷತೆಯನ್ನು ಎರಡು ಕ್ರೆಡಿಟ್ಟಿನ ವಿಷಯವೆಂದು ಓದಿ ಮರೆಯುವವರೇ ಹೆಚ್ಚು. ಭೋಪಾಲದ 1984ರ ದುರಂತ ಎಲ್ಲರಿಗೂ ಗೊತ್ತು. ಆದರೆ ಅಂದು ಮೀಥೈಲ್ ಐಸೊಸಯನೇಟ್ ಟ್ಯಾಂಕನ್ನು ತಂಪಾಗಿಡಬೇಕಿದ್ದ ರೆಫ್ರಿಜರೇಶನ್ ನಿಲ್ಲಿಸಲಾಗಿತ್ತು, ಹೊರಬಂದ ಅನಿಲವನ್ನು ಸುಡಬೇಕಿದ್ದ ಫ್ಲೇರ್ ಬಳಕೆಯಲ್ಲಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬಲ್ಲ ವಿದ್ಯಾರ್ಥಿಗಳು ಕಡಿಮೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ 1974ರ ಜೂನ್ 1ರಂದು ನಡೆದದ್ದನ್ನಂತೂ ಪ್ರತಿಯೊಬ್ಬ ಕೆಮಿಕಲ್ ಎಂಜಿನಿಯರನೂ ಓದಲೇಬೇಕು. ಸೈಕ್ಲೊಹೆಕ್ಸೇನ್ ಘಟಕದಲ್ಲಿ ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತ್ತು. ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ ತಾತ್ಕಾಲಿಕವಾಗಿ 20 ಇಂಚಿನ ಬೈಪಾಸ್ ಪೈಪ್ ಹಾಕಿದರು. ಅದಕ್ಕೆ ಸರಿಯಾದ ವಿನ್ಯಾಸದ ಲೆಕ್ಕವಿರಲಿಲ್ಲ. ನಕ್ಷೆಯೆಂದು ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಚಿತ್ರ ಮಾತ್ರ. ಪೈಪ್ ಹರಿದು, ಹೊರನುಗ್ಗಿದ ಆವಿಯ ಮೋಡ ಸ್ಫೋಟಿಸಿ 28 ಜನ ಸತ್ತರು. ಘಟಕದಲ್ಲಿ ಏನನ್ನೇ ಬದಲಿಸುವ ಮುನ್ನ ಕಾಗದದ ಮೇಲೆ ಪರಿಶೀಲನೆ, ಸಹಿ ಎಂದೆಲ್ಲ ಇಂದು ಹಿರಿಯರು ಪಟ್ಟುಹಿಡಿಯುವುದರ ಹಿಂದೆ ಇಂಥ ಇತಿಹಾಸವಿದೆ. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ತನ್ನ ತನಿಖೆಗಳ ವಿಡಿಯೊಗಳನ್ನು ಉಚಿತವಾಗಿ ಯೂಟ್ಯೂಬಿನಲ್ಲಿ ಇಟ್ಟಿದೆ. ಟೆಕ್ಸಸ್ ಸಿಟಿಯ 2005ರ ಅಪಘಾತದ ವಿಡಿಯೊದಿಂದ ಆರಂಭಿಸಿ, ನೋಡಿದ ಮೇಲೆ ಒಂದು ಪುಟದ ಟಿಪ್ಪಣಿ ಬರೆದಿಡಿ.

ಇನ್ನು ಸಾಫ್ಟ್‌ವೇರ್. ಘಟಕವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಲೆಕ್ಕ ಹಾಕುವ, ಹಣ ಕೊಟ್ಟು ಕೊಳ್ಳಬೇಕಾದ ಆಸ್ಪೆನ್ ಸಿಮ್ಯುಲೇಟರ್ ಇಲ್ಲದ ಕಾಲೇಜಿನವರು ಕೊರಗಬೇಕಾಗಿಲ್ಲ. ಡಿಡಬ್ಲ್ಯೂಸಿಮ್ ಎಂಬ ಉಚಿತ, ಮುಕ್ತ ಸಿಮ್ಯುಲೇಟರ್ ಇದೆ, ಬಾಂಬೆ ಐಐಟಿಯ ಫಾಸಿ ಯೋಜನೆಯವರು ಅದರ ಮೇಲೆ ವಿದ್ಯಾರ್ಥಿಗಳಿಂದ ಫ್ಲೋಶೀಟುಗಳನ್ನು (ಇಡೀ ಪ್ರಕ್ರಿಯೆಯ ಹಂತಗಳನ್ನು ಜೋಡಿಸಿದ ಮಾದರಿಗಳನ್ನು) ಮಾಡಿಸಿ ಪ್ರಕಟಿಸುತ್ತಾರೆ. ಅಂಥದೊಂದು ಫ್ಲೋಶೀಟನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಿದರೆ ನಾಲ್ಕು ಕೋರ್ಸುಗಳಿಗೆ ಸಮ. ಆದರೆ ಮೊದಲು ಕೈಲೆಕ್ಕ ಮಾಡಿ, ಉತ್ತರ ಎಲ್ಲಿ ಬಂದೀತೆಂದು ಅಂದಾಜಿಟ್ಟುಕೊಂಡೇ ಸಿಮ್ಯುಲೇಟರ್ ತೆರೆಯಿರಿ, ಏಕೆಂದರೆ ತಪ್ಪು ಥರ್ಮೊಡೈನಮಿಕ್ ಮಾಡೆಲ್ ಆರಿಸಿದರೂ ಅದು ಅಷ್ಟೇ ಅಚ್ಚುಕಟ್ಟಾಗಿ ಉತ್ತರ ಕೊಡುತ್ತದೆ. ಎಕ್ಸೆಲ್‌ನಲ್ಲಿ ಗೋಲ್ ಸೀಕ್, ಸಾಲ್ವರ್ ಚೆನ್ನಾಗಿ ಬರಲಿ. ಪೈಥಾನ್ ಕಲಿಯುವುದಾದರೆ ಘಟಕದ ತಾಪ, ಒತ್ತಡಗಳ ತಿಂಗಳುಗಟ್ಟಲೆ ದಾಖಲೆಯನ್ನು ಓದಿ ಗ್ರಾಫ್ ಬಿಡಿಸುವಷ್ಟು ಕಲಿಯಿರಿ, ಸದ್ಯಕ್ಕೆ ಸಾಕು.

ಬೀದರ್, ನಂಜನಗೂಡು, ಬೆಂಗಳೂರುಗಳ ಔಷಧ ಘಟಕಗಳತ್ತ ಒಲವಿದ್ದರೆ ಸ್ಕೇಲ್-ಅಪ್ ವಿಚಾರ ಬಲವಾಗಿ ತಿಳಿದಿರಲಿ. ಒಂದು ಲೀಟರ್ ಫ್ಲಾಸ್ಕಿನಿಂದ ಅದೇ ಆಕಾರದ ಸಾವಿರ ಲೀಟರ್ ರಿಯಾಕ್ಟರಿಗೆ ಹೋದಾಗ ಗಾತ್ರ ಸಾವಿರ ಪಟ್ಟು ಹೆಚ್ಚುತ್ತದೆ, ಶಾಖ ಹೊರಹೋಗಬೇಕಾದ ಹೊರಮೈ ನೂರು ಪಟ್ಟು ಮಾತ್ರ. ಲೀಟರೊಂದಕ್ಕೆ ಸಿಗುವ ತಂಪಿಸುವ ಮೈ ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ಲ್ಯಾಬಿನಲ್ಲಿ ಸಾಧುವಾಗಿದ್ದ ರಿಯಾಕ್ಷನ್ ಘಟಕದಲ್ಲಿ ಏಕೆ ಕೈಮೀರುತ್ತದೆ, ರಿಯಾಕ್ಟಂಟನ್ನು ಒಮ್ಮೆಲೇ ಸುರಿಯದೆ ಗಂಟೆಗಟ್ಟಲೆ ಹನಿಹನಿಯಾಗಿ ಏಕೆ ಬಿಡುತ್ತಾರೆ ಎಂಬ ಪ್ರಶ್ನೆಗಳಿಗೆ ಇದೇ ಉತ್ತರ.

ಗೇಟ್ ಬರೆಯುವುದರಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಓದುವಾಗ ಮೂಲ ವಿಷಯಗಳು ಗಟ್ಟಿಯಾಗುತ್ತವೆ, ಎಂ.ಟೆಕ್‌ಗೂ ಕೆಲವು ಸರ್ಕಾರಿ ಸ್ವಾಮ್ಯದ ಸಂಸ್ಥೆಗಳಿಗೂ ದಾರಿಯಾಗುತ್ತದೆ. ಅದೊಂದನ್ನೇ ನೆಚ್ಚಿ ಘಟಕದ ಮುಖ ನೋಡದೆ ಪದವಿ ಮುಗಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಘಟಕದೊಳಗೆ ಹೋಗುವುದು ಹೇಗೆ ಎಂದು ಮುಂದಿನ ಪ್ರಶ್ನೆ ಬರಬಹುದು. ವಿಭಾಗದ ಮುಖ್ಯಸ್ಥರಿಂದ ಪತ್ರ ಪಡೆದು ಹತ್ತಿರದ ಸಕ್ಕರೆ ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರರಿಗೆ ನೇರವಾಗಿ ಕೊಡಿ. ಸುಮ್ಮನೆ ತರಬೇತಿ ಬೇಕು ಎನ್ನದೆ, ಇವಾಪೊರೇಟರಿನ ಸ್ಟೀಮ್ ಲೆಕ್ಕ ಮಾಡಿ ವರದಿ ಕೊಡುತ್ತೇನೆ ಎಂದು ಬರೆಯಿರಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಒಮ್ಮೆ, ಹಂಗಾಮು ಮುಗಿದು ಪಾತ್ರೆಗಳನ್ನು ಬಿಚ್ಚಿಟ್ಟಿರುವಾಗ ಇನ್ನೊಮ್ಮೆ ಹೋಗಿ. ಮೊದಲ ಸಲ ಓಟ ಕಾಣುತ್ತದೆ, ಎರಡನೆಯ ಸಲ ಒಳಗಿನ ಕೊಳವೆಗಳೂ ಸ್ಕೇಲೂ ಕಾಣುತ್ತವೆ. ಪ್ಯಾನ್ ಮೇಲೆ ನಿಂತಿರುವ ಅನುಭವಿ ಕೆಲಸಗಾರರನ್ನು ನಮ್ಮ ಭಾಷೆಯಲ್ಲೇ, ಗೌರವದಿಂದ ಮಾತನಾಡಿಸಿ. ಪಾಕವನ್ನು ಬೆರಳಿನಲ್ಲಿ ಎಳೆದು ನೋಡಿ ಹದ ಹೇಳುವವರು ಅವರು, ನಿಮ್ಮ ಲೆಕ್ಕ ಎಲ್ಲಿ ಹೊಂದುತ್ತಿಲ್ಲವೆಂದು ತೋರಿಸುವವರೂ ಅವರೇ. ಪಕ್ಕದ ಡಿಸ್ಟಿಲರಿಗೆ ಹೋಗುವಾಗ ಮೊಬೈಲನ್ನು ಗೇಟಿನಲ್ಲೇ ಬಿಡಬೇಕಾಗುತ್ತದೆ, ಆದ್ದರಿಂದ ಅಂಕಿಗಳನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ ಜೇಬಿನಲ್ಲಿರಲಿ.